ರಕ್ತದೊತ್ತಡ ಮಾಪನ: ಕಿನ್ನಾಳ ಸೀಮೆಯಲ್ಲಿ ಪಟ್ಟಿ ಮತ್ತು ಸ್ಟೆತಸ್ಕೋಪು

ರಕ್ತದೊತ್ತಡವನ್ನು ಕೈಯಾರೆ ಅಳೆಯುವುದೆಂದರೆ ರಟ್ಟೆಗೆ ಗಾಳಿ ತುಂಬುವ ಪಟ್ಟಿ ಸುತ್ತಿ, ಆ ಗಾಳಿಯ ಬಲದಿಂದ ಒಳಗಿನ ಧಮನಿಯನ್ನು ಪೂರ್ತಿ ಅದುಮುವುದು. ಆಮೇಲೆ ಗಾಳಿಯನ್ನು ಮೆಲ್ಲಗೆ ಬಿಡುತ್ತ, ಮೊಣಕೈ ಮಡಿಕೆಯಲ್ಲಿ ಸದ್ದು ಎಲ್ಲಿ ಹುಟ್ಟಿತು, ಎಲ್ಲಿ ಅಡಗಿತು ಎಂದು ಸ್ಟೆತಸ್ಕೋಪಿನಲ್ಲಿ ಕೇಳಿ ಮಾಪಕದ ಮೇಲೆ ಓದುವುದು. ಸದ್ದು ಹುಟ್ಟಿದಾಗಿನ ಅಂಕಿ ಸಂಕೋಚನ ಒತ್ತಡ, ಅಡಗಿದಾಗಿನದು ವ್ಯಾಕೋಚನ ಒತ್ತಡ. ಜನರ ಬಾಯಲ್ಲಿ ಇವು ‘ಮೇಲಿನ ಬಿಪಿ’, ‘ಕೆಳಗಿನ ಬಿಪಿ’. ಎರಡನ್ನೂ ಪಾದರಸದ ಮಿಲಿಮೀಟರುಗಳಲ್ಲಿ ಹೇಳುವ ರೂಢಿ ಪಾದರಸವೇ ಇಲ್ಲದ ಮಾಪಕಗಳು ಬಂದಮೇಲೂ ಉಳಿದಿದೆ.

ಗುಂಡಿ ಒತ್ತಿದರೆ ತಾನೇ ಉಬ್ಬಿ ಅಂಕಿ ತೋರಿಸುವ ಬ್ಯಾಟರಿ ಯಂತ್ರ ಈಗ ಔಷಧದ ಅಂಗಡಿಯಲ್ಲೂ ಸಿಗುತ್ತದೆ. ಆದರೂ ನಾಡಿ ತಾಳ ತಪ್ಪಿದವರಲ್ಲಿ, ಒತ್ತಡ ತೀರ ಕುಸಿದವರಲ್ಲಿ, ಯಂತ್ರದ ಅಂಕಿಯೇ ಅನುಮಾನ ಹುಟ್ಟಿಸಿದಾಗ ವೈದ್ಯರು ಮರಳುವುದು ಪಟ್ಟಿ ಮತ್ತು ಸ್ಟೆತಸ್ಕೋಪಿಗೆ. ಈ ವಿಧಾನದ ಗುಣವೂ ದೋಷವೂ ಒಂದೇ: ಅಳತೆ ಮಾಡುವವರ ಕಿವಿ, ಕೈ, ತಾಳ್ಮೆ ಎಷ್ಟೋ ಫಲಿತಾಂಶವೂ ಅಷ್ಟೇ. ಕೆಡುವ ಅಳತೆಗಳಲ್ಲಿ ಬಹುಪಾಲು ಕೆಡುವುದು ಕಿವಿಗೆ ಸದ್ದು ಬೀಳುವ ಮೊದಲೇ. ಕುಳಿತ ರೀತಿಯಲ್ಲಿ, ಪಟ್ಟಿಯ ಅಳತೆಯಲ್ಲಿ, ಅವಸರದಲ್ಲಿ.

ಸೀಮೆ ಮತ್ತು ದವಾಖಾನೆ

ಕಿನ್ನಾಳ ಕೊಪ್ಪಳ ತಾಲೂಕಿನ ದೊಡ್ಡ ಹಳ್ಳಿ. ಹಗುರ ಮರದಲ್ಲಿ ಕೆತ್ತಿ ಬಣ್ಣ ತುಂಬುವ ಬೊಂಬೆಗಳಿಂದ, ಅವನ್ನು ಮಾಡುವ ಚಿತ್ರಗಾರರ ಮನೆತನಗಳಿಂದ ಹೆಸರಾದ ಊರು. ಸುತ್ತಲಿನ ಸೀಮೆ 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಆಮೇಲೆ ರಾಯಚೂರು ಜಿಲ್ಲೆಯ ಭಾಗವಾಗಿ ಮುಂದುವರಿಯಿತು; 1997ರಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳನ್ನು ಕೂಡಿಸಿ ಕೊಪ್ಪಳ ಜಿಲ್ಲೆ ಮಾಡಲಾಯಿತು. ಆಸ್ಪತ್ರೆಯನ್ನು ಇಲ್ಲಿನ ಹಿರಿಯರು ಇಂದಿಗೂ ದವಾಖಾನೆ ಎನ್ನುತ್ತಾರೆ. ಜಿಲ್ಲಾ ಕೇಂದ್ರದಲ್ಲಿ 2015ರಲ್ಲಿ ಕೊಪ್ಪಳ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಆರಂಭವಾದ ಮೇಲೆ ಪಟ್ಟಿ ಕಟ್ಟುವುದನ್ನು ಕಲಿಯುವ ವಿದ್ಯಾರ್ಥಿಗಳೂ ಈ ಜಿಲ್ಲೆಯಲ್ಲೇ ಇದ್ದಾರೆ.

ಸರ್ಕಾರಿ ಲೆಕ್ಕದಲ್ಲಿ ಬಯಲುಸೀಮೆಯ 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನರಿಗೆ ಒಂದು ಉಪಕೇಂದ್ರ ಇರಬೇಕು. ಬಿಪಿ ಅಳೆಯುವ ಕೆಲಸ ಹೆಚ್ಚಾಗಿ ಬೀಳುವುದು ವೈದ್ಯರ ಮೇಲಲ್ಲ. ದವಾಖಾನೆಯ ನರ್ಸು, ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ, ಹಳ್ಳಿ ಹಳ್ಳಿ ತಿರುಗುವ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಇವರೇ ಅಳೆಯುವವರು. ಜನರಿಗೆ ಇವರೆಲ್ಲ ‘ಸಿಸ್ಟರ್’. 30 ವರ್ಷ ದಾಟಿದ ಎಲ್ಲರ ಬಿಪಿ, ಸಕ್ಕರೆ ನೋಡಬೇಕೆಂಬುದು ರಾಷ್ಟ್ರೀಯ ಅಸಾಂಕ್ರಾಮಿಕ ರೋಗ ನಿಯಂತ್ರಣ ಕಾರ್ಯಕ್ರಮದ ನಿಯಮ. ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭವಾಗಿ ಇದೇ ತಪಾಸಣೆಯನ್ನು ಮನೆಬಾಗಿಲಿಗೆ ಒಯ್ದಿತು.

ಇದರ ಅಗತ್ಯ ಸಣ್ಣದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಹೆಂಗಸರ ಸುಮಾರು 21 ಪ್ರತಿಶತ, ಗಂಡಸರ ಸುಮಾರು 24 ಪ್ರತಿಶತ ಮಂದಿಗೆ ರಕ್ತದೊತ್ತಡ ಹೆಚ್ಚಿದೆ ಇಲ್ಲವೆ ಅವರು ಅದಕ್ಕೆ ಮಾತ್ರೆ ನುಂಗುತ್ತಿದ್ದಾರೆ. ಹೆಚ್ಚಿನವರಿಗೆ ಯಾವ ಲಕ್ಷಣವೂ ಕಾಣುವುದಿಲ್ಲ. ತಲೆ ತಿರುಗಿದರೆ, ತಲೆ ನೊಂದರೆ ಮಾತ್ರ ಬಿಪಿ ಎಂದು ತಿಳಿದು, ಏನೂ ಆಗುತ್ತಿಲ್ಲವೆಂದು ಅಳೆಸಿಕೊಳ್ಳದೆ ಇದ್ದವರಿಗೆ ಒಂದು ದಿನ ಲಕ್ವಾ ಹೊಡೆದಾಗಲೇ ಅದು ಬೆಳಕಿಗೆ ಬರುವುದು. ಪಟ್ಟಿ ಕಟ್ಟಿ ನೋಡದೆ ಇದನ್ನು ಪತ್ತೆ ಮಾಡುವ ದಾರಿ ಇಲ್ಲ.

ಕುದುರೆಯ ಧಮನಿಯಿಂದ ಕಿವಿಯವರೆಗೆ

ರಕ್ತದ ಒತ್ತಡವನ್ನು ಮೊದಲು ಅಳೆದವನು ವೈದ್ಯನಲ್ಲ, ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್. ಕುದುರೆಯ ಧಮನಿಗೆ ಗಾಜಿನ ಕೊಳವೆ ಜೋಡಿಸಿ, ರಕ್ತ ಅದರಲ್ಲಿ 8 ಅಡಿಗೂ ಮೇಲೆ ಏರಿದ್ದನ್ನು ಆತ 1733ರ ತನ್ನ ಪುಸ್ತಕದಲ್ಲಿ ದಾಖಲಿಸಿದ. ಇಷ್ಟೆತ್ತರದ ಕೊಳವೆಯನ್ನು ಯಾವ ದವಾಖಾನೆಯಲ್ಲೂ ನಿಲ್ಲಿಸಲಾಗದು. ಪಾದರಸ ನೀರಿಗಿಂತ 13.6 ಪಟ್ಟು ಭಾರ, 120 ಮಿ.ಮೀ. ಪಾದರಸ ಎತ್ತಿಹಿಡಿಯುವ ಒತ್ತಡಕ್ಕೆ ನೀರಾದರೆ 163 ಸೆಂ.ಮೀ. ಏರಬೇಕು. 1828ರಲ್ಲಿ ಫ್ರಾನ್ಸಿನ ಪ್ವಾಸೆಯ್ ಪಾದರಸದ ಮಾಪಕ ಬಳಸಿದ ಮೇಲೆ ಅಳತೆ ಮೇಜಿನೆತ್ತರಕ್ಕೆ ಇಳಿಯಿತು. ಆದರೂ ರಕ್ತನಾಳ ಕೊಯ್ಯುವುದು ತಪ್ಪಲಿಲ್ಲ.

ಕೊಯ್ಯದೆ ಅಳೆಯುವ ಪಟ್ಟಿಯನ್ನು ಬಳಕೆಗೆ ತಂದವನು ಇಟಲಿಯ ಟುರಿನ್ ನಗರದ ವೈದ್ಯ ಸಿಪಿಯೋನೆ ರಿವಾ-ರೊಚ್ಚಿ, 1896ರಲ್ಲಿ. ಸೈಕಲ್ ಟ್ಯೂಬಿನ ರಬ್ಬರು ಅವನ ಸಲಕರಣೆಯಲ್ಲಿತ್ತು. ಮಣಿಕಟ್ಟಿನ ನಾಡಿ ಬೆರಳಿಗೆ ಸಿಗದಂತಾಗುವ ಅಂಕಿಯನ್ನು ಅವನು ಓದುತ್ತಿದ್ದ. ಆದ್ದರಿಂದ ಮೇಲಿನ ಒತ್ತಡ ಮಾತ್ರ ಸಿಗುತ್ತಿತ್ತು. ಅವನ ಪಟ್ಟಿಯ ಅಗಲ ಬರೀ 5 ಸೆಂ.ಮೀ., ಹಾಗಾಗಿ ಅಂಕಿ ಏರಿಯೇ ಬರುತ್ತಿತ್ತು. 1901ರಲ್ಲಿ ಜರ್ಮನಿಯ ಫಾನ್ ರೆಕ್ಲಿಂಗ್‌ಹೌಸನ್ ಅಗಲದ ಪಟ್ಟಿ ಬೇಕೆಂದು ತೋರಿಸಿದ. ಅದೇ ವರ್ಷ ಅಮೆರಿಕದ ಶಸ್ತ್ರವೈದ್ಯ ಹಾರ್ವೆ ಕುಶಿಂಗ್ ಇಟಲಿಯಲ್ಲಿ ಈ ಸಲಕರಣೆ ನೋಡಿ ತನ್ನ ದೇಶಕ್ಕೆ ಒಯ್ದ.

ಸ್ಟೆತಸ್ಕೋಪು ಅದಕ್ಕೂ ಹಳೆಯದು; ಪ್ಯಾರಿಸಿನ ಲೆನೆಕ್ 1816ರಲ್ಲಿ ಕಾಗದ ಸುತ್ತಿ, ಮುಂದೆ ಮರದ ಕೊಳವೆ ಮಾಡಿ ಎದೆಯ ಸದ್ದು ಕೇಳಿದ್ದ. ಆದರೆ ಪಟ್ಟಿಯ ಕೆಳಗೆ ಅದನ್ನು ಇಡಬಹುದೆಂದು ಹೊಳೆಯಲು ತೊಂಬತ್ತು ವರ್ಷ ಬೇಕಾಯಿತು. ರುಸೊ-ಜಪಾನ್ ಯುದ್ಧದ ಗಾಯಾಳುಗಳ ರಕ್ತನಾಳಗಳನ್ನು ಅಭ್ಯಾಸ ಮಾಡುತ್ತಿದ್ದ ರಷ್ಯಾದ ಶಸ್ತ್ರವೈದ್ಯ ನಿಕೊಲಾಯ್ ಕೊರೊಟ್ಕಾಫ್, ಪಟ್ಟಿಯ ಗಾಳಿ ಇಳಿಯುವಾಗ ಧಮನಿಯಲ್ಲಿ ಸದ್ದು ಹುಟ್ಟಿ ಅಡಗುವುದನ್ನು ಗಮನಿಸಿ 1905ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಸೇನಾ ವೈದ್ಯಕೀಯ ಅಕಾಡೆಮಿಯಲ್ಲಿ ಮಂಡಿಸಿದ. ವರದಿ ಒಂದು ಪುಟವನ್ನೂ ತುಂಬುವಷ್ಟಿರಲಿಲ್ಲ. ಕಿನ್ನಾಳದಲ್ಲಿ ಇಂದು ಸಿಸ್ಟರ್ ಮಾಡುವ ಅಳತೆ ಆ ಒಂದು ಪುಟದ್ದೇ. ಸೇರಿಸಿದ್ದು, ತಿದ್ದಿದ್ದು ಬಹಳ ಕಡಿಮೆ.

ಸದ್ದು ಏಕೆ ಬರುತ್ತದೆ

ಸುಮ್ಮನೆ ಹರಿಯುವ ರಕ್ತಕ್ಕೆ ಸದ್ದಿಲ್ಲ; ಪಟ್ಟಿ ಕಟ್ಟದೆ ಮೊಣಕೈ ಮಡಿಕೆಗೆ ಸ್ಟೆತಸ್ಕೋಪು ಇಟ್ಟರೆ ಏನೂ ಕೇಳುವುದಿಲ್ಲ. ಪಟ್ಟಿಯ ಒತ್ತಡ ಸಂಕೋಚನ ಒತ್ತಡಕ್ಕಿಂತ ಹೆಚ್ಚಿದ್ದಾಗ ಧಮನಿ ಮುಚ್ಚಿಯೇ ಇರುತ್ತದೆ, ಆಗಲೂ ನಿಶ್ಶಬ್ದ. ನಡುವಿನ ಸ್ಥಿತಿಯಲ್ಲಿ, ಹೊಲದ ಪಂಪ್‌ಸೆಟ್ಟಿನ ಪೈಪನ್ನು ಅರ್ಧ ತುಳಿದಾಗ ನೀರು ಬುಸುಗುಡುವ ಹಾಗೆ, ಪ್ರತಿ ಬಡಿತಕ್ಕೂ ರಕ್ತ ಇಕ್ಕಟ್ಟಿನಲ್ಲಿ ನುಗ್ಗಿ ಸುಳಿಯುತ್ತದೆ, ನಾಳದ ಗೋಡೆ ತೆರೆದು ಮುಚ್ಚುತ್ತದೆ. ಕೇಳುವುದು ಇದೇ. ಪಟ್ಟಿಯ ಒತ್ತಡ ವ್ಯಾಕೋಚನ ಒತ್ತಡಕ್ಕಿಂತ ಕೆಳಗಿಳಿದ ಮೇಲೆ ನಾಳ ಮತ್ತೆ ಮುಚ್ಚುವುದಿಲ್ಲ, ಸದ್ದೂ ನಿಲ್ಲುತ್ತದೆ.

ಈ ಸದ್ದಿಗೆ ಐದು ಹಂತ. ಮೊದಲು ಸ್ಪಷ್ಟವಾದ ಟಕ್ ಟಕ್, ಎರಡನೆಯದರಲ್ಲಿ ಅದು ಮೆತ್ತಗಾಗಿ ಸುಯ್ಯೆನ್ನುತ್ತದೆ, ಮೂರನೆಯದರಲ್ಲಿ ಮತ್ತೆ ಗಟ್ಟಿ, ನಾಲ್ಕನೆಯದರಲ್ಲಿ ತಟ್ಟನೆ ಮಂಕು, ಐದನೆಯದು ಮೌನ. ಮೊದಲ ಎರಡು ಬಡಿತ ಸಾಲಾಗಿ ಕೇಳಿದ ಬಿಂದು ಮೇಲಿನ ಅಂಕಿ. ಕೆಳಗಿನ ಅಂಕಿ ನಾಲ್ಕನೆಯ ಹಂತದ್ದೋ ಐದನೆಯದ್ದೋ ಎಂದು ವೈದ್ಯರು ದಶಕಗಟ್ಟಲೆ ವಾದ ಮಾಡಿದ್ದಾರೆ. ಈಗ ಐದನೆಯದೇ ನಿಯಮ, ಬಸುರಿಯರಿಗೂ. ಕೆಲವರಲ್ಲಿ ಗಾಳಿ ಪೂರ್ತಿ ಇಳಿದರೂ ಸದ್ದು ನಿಲ್ಲದು. ಅಂಥವರಿಗೆ ಮಂಕಾದ ಬಿಂದುವನ್ನು ಬರೆಯುತ್ತಾರೆ.

ಸಲಕರಣೆ

ಬಟ್ಟೆಯ ಪಟ್ಟಿ, ಅದರೊಳಗೆ ರಬ್ಬರಿನ ಚೀಲ, ಎರಡು ನಳಿಗೆ, ಅದುಮುವ ಬಲ್ಬು, ಗಾಳಿ ಬಿಡುವ ತಿರುಪು, ಮಾಪಕ. ಮಾಪಕ ಎರಡು ಬಗೆ. ಉದ್ದನೆಯ ಪೆಟ್ಟಿಗೆಯ ಮುಚ್ಚಳ ತೆರೆದರೆ ನೆಟ್ಟಗೆ ನಿಲ್ಲುವ ಪಾದರಸದ ಗಾಜುಕೊಳವೆ ಹಳೆಯದು. ಅದರಲ್ಲಿ ಕೆಡುವ ಭಾಗ ಕಡಿಮೆ, ಮಟ್ಟ ಸೊನ್ನೆಯಲ್ಲಿ ನಿಂತಿದ್ದು ಗಾಜು ಶುಚಿಯಾಗಿದ್ದರೆ ನಂಬಬಹುದು. ಗಡಿಯಾರದ ಮುಖದ ಅನೆರಾಯ್ಡ್ ಮಾಪಕ ಹಗುರ, ಚೀಲದಲ್ಲಿ ಒಯ್ಯಲು ಸುಲಭ. ಆದರೆ ಒಳಗಿನ ತೆಳುತಗಡಿನ ಡಬ್ಬಿ ಒಮ್ಮೆ ಕೈಜಾರಿ ಬಿದ್ದರೆ ದಾರಿ ತಪ್ಪುತ್ತದೆ, ತಪ್ಪಿದ್ದನ್ನು ಹೊರಗೆ ತೋರಿಸುವುದಿಲ್ಲ. ಮುಳ್ಳು ಸೊನ್ನೆಯಲ್ಲಿ ನಿಲ್ಲದಿದ್ದರೆ ಅದು ಕೆಟ್ಟಿದೆ ಎಂಬುದು ಖಾತ್ರಿ. ಸೊನ್ನೆಯಲ್ಲಿ ನಿಂತರೆ ಸರಿಯಿದೆ ಎಂದು ಖಾತ್ರಿಯಿಲ್ಲ. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ನಂಬಿಕಸ್ತ ಮಾಪಕದೊಡನೆ ಕವಲು ನಳಿಗೆಯಿಂದ ಜೋಡಿಸಿ ಹೋಲಿಸಬೇಕು. ನಡೆಯಬೇಕಾದ ಕೆಲಸಗಳಲ್ಲಿ ಅತಿ ಸುಲಭವಾಗಿ ಬಿಟ್ಟುಹೋಗುವುದು ಇದೇ.

ಪಾದರಸದ ಕಾಲ ಮುಗಿಯುತ್ತಿದೆ. 2013ರ ಮಿನಮಾಟ ಒಪ್ಪಂದ 2017ರಲ್ಲಿ ಜಾರಿಗೆ ಬಂದು, ಪಾದರಸದ ಜ್ವರಮಾಪಕ, ರಕ್ತದೊತ್ತಡ ಮಾಪಕಗಳ ತಯಾರಿಕೆ ಮತ್ತು ಆಮದು-ರಫ್ತಿಗೆ 2020ರ ಗಡುವು ಹಾಕಿತು. ಬೇಕಾದ ದೇಶಗಳು ಕಾಲಾವಕಾಶ ಪಡೆಯಬಹುದಿತ್ತು. ಭಾರತ 2018ರಲ್ಲಿ ಒಪ್ಪಂದವನ್ನು ಅಂಗೀಕರಿಸಿತು. ಹಳೆಯ ಪೆಟ್ಟಿಗೆ ಒಡೆದು ಪಾದರಸ ಚೆಲ್ಲಿದರೆ ಕಸಬರಿಗೆಯಿಂದ ಗುಡಿಸಬಾರದು, ಅದು ಇನ್ನಷ್ಟು ಸಣ್ಣ ಗುಂಡುಗಳಾಗಿ ಒಡೆದು ಆವಿಯಾಗುತ್ತದೆ. ಕಿಟಕಿ ತೆರೆದು, ಗಟ್ಟಿ ಕಾಗದದಿಂದ ಒಂದೆಡೆ ಕೂಡಿಸಿ ಬಿಗಿ ಮುಚ್ಚಳದ ಡಬ್ಬಿಗೆ ಹಾಕಬೇಕು. ಮಕ್ಕಳ ಕೈಗೆ ಆಟಕ್ಕೆ ಕೊಡುವುದಂತೂ ಸಲ್ಲದು.

ಪಟ್ಟಿಯ ಅಳತೆಗೆ ಮಾಪಕದಷ್ಟೇ ಬೆಲೆಯಿದೆ. ಒಳಗಿನ ರಬ್ಬರು ಚೀಲದ ಉದ್ದ ರಟ್ಟೆಯ ಸುತ್ತಳತೆಯ 80 ಪ್ರತಿಶತವೂ ಅಗಲ 40 ಪ್ರತಿಶತವೂ ಇರಬೇಕೆಂಬುದು ರೂಢಿಯ ಸೂತ್ರ. ಸಣ್ಣ ಪಟ್ಟಿ ದಪ್ಪ ತೋಳಿಗೆ ಕಟ್ಟಿದರೆ ಅಂಕಿ ಏರುತ್ತದೆ, ದೊಡ್ಡ ಪಟ್ಟಿ ಸಣ್ಣ ತೋಳಿಗೆ ಕಟ್ಟಿದರೆ ಇಳಿಯುತ್ತದೆ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಸಂಶೋಧಕರು 2023ರಲ್ಲಿ ಸ್ವಯಂಚಾಲಿತ ಯಂತ್ರಗಳಿಂದ ಇದನ್ನು ಅಳೆದು ತೋರಿಸಿದರು: ಅತಿ ದೊಡ್ಡ ಪಟ್ಟಿ ಬೇಕಾದವರಿಗೆ ಸಾಮಾನ್ಯ ಪಟ್ಟಿ ಕಟ್ಟಿದಾಗ ಮೇಲಿನ ಅಂಕಿ ಸರಾಸರಿ 19.5 ಮಿ.ಮೀ. ಹೆಚ್ಚಾಗಿ ಬಂತು, ಸಣ್ಣ ಪಟ್ಟಿ ಬೇಕಾದವರಿಗೆ ಸಾಮಾನ್ಯ ಪಟ್ಟಿ ಕಟ್ಟಿದಾಗ 3.6 ಮಿ.ಮೀ. ಕಡಿಮೆ ಬಂತು. ಹೊರದೇಶದ ಪುಸ್ತಕಗಳು ದಪ್ಪ ತೋಳಿನ ಚಿಂತೆಯನ್ನೇ ಹೆಚ್ಚು ಮಾಡುತ್ತವೆ. ಕೂಲಿ ಮಾಡಿ ಸೊರಗಿದ ತೆಳು ತೋಳಿನ ಹೆಂಗಸರು ಬಂದು ಕೂರುವ ಕಡೆ ತಲೆಕೆಡಿಸಿಕೊಳ್ಳಬೇಕಾದ್ದು ಎರಡನೆಯ ತಪ್ಪಿನ ಬಗ್ಗೆ. ಒಂದೇ ಪಟ್ಟಿ ಇರುವ ದವಾಖಾನೆ ಅರ್ಧ ಸಲಕರಣೆಯ ದವಾಖಾನೆ.

ಅಳೆಯುವ ಕ್ರಮ

ಅರ್ಧ ಗಂಟೆ ಮುಂಚೆ ಚಹಾ, ಬೀಡಿ, ತಂಬಾಕು, ದುಡಿಮೆ ಇರಬಾರದು. ಮೂತ್ರಕ್ಕೆ ಹೋಗಿ ಬಂದಿರಬೇಕು. ಬೆನ್ನಿಗೆ ಒರಗು ಇರುವ ಕುರ್ಚಿಯಲ್ಲಿ, ಪಾದ ನೆಲಕ್ಕೂರಿ, ಕಾಲ ಮೇಲೆ ಕಾಲು ಹಾಕದೆ, ಐದು ನಿಮಿಷ ಸುಮ್ಮನೆ ಕೂರಿಸಬೇಕು. ಹೀಗೆ ಬರೆಯುವುದು ಸುಲಭ. ಹೊಲದಿಂದಲೋ ಬೊಂಬೆ ಕೆಲಸದಿಂದಲೋ ಎದ್ದು ಬಸ್ಸು ಹಿಡಿದು ಬಂದವರು, ಸಾಲಿನಲ್ಲಿ ನಿಂತು ಬೇಸತ್ತವರು, ಒರಗಿಲ್ಲದ ಬಾಕಿನ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತವರ ರಟ್ಟೆಗೆ ನೇರ ಪಟ್ಟಿ ಬೀಳುವುದೇ ಹೆಚ್ಚು. ಆ ಐದು ನಿಮಿಷಕ್ಕೆ ಹಣ ಬೇಡ, ಯಂತ್ರ ಬೇಡ. ಸಾಲಿನಲ್ಲಿ ಮುಂದಿನ ನಾಲ್ವರನ್ನು ಮೊದಲೇ ಒಳಗೆ ಕರೆದು ಕುರ್ಚಿಯಲ್ಲಿ ಕೂರಿಸಿದರೆ ಅದು ತಾನೇ ಒದಗುತ್ತದೆ.

ರಟ್ಟೆ ಬರಿದಾಗಿರಬೇಕು. ಅಂಗಿಯ ತೋಳನ್ನು ಮೇಲಕ್ಕೆ ಬಿಗಿಯಾಗಿ ಸುತ್ತಿದರೆ ಅದೇ ಇನ್ನೊಂದು ಪಟ್ಟಿಯಾಗಿ ನಾಳವನ್ನು ಹಿಸುಕುತ್ತದೆ. ತೋಳು ಕಳಚುವುದು ಒಳ್ಳೆಯದು. ಕುಪ್ಪಸದ ತೋಳು ಮೊಣಕೈವರೆಗೆ ಬಿಗಿಯಾಗಿರುವ ಹೆಂಗಸರಿಗೆ ಮರೆ ಬೇಕು, ಅಳೆಯುವವರು ಹೆಂಗಸರಾದರೆ ಅನುಕೂಲ. ರಟ್ಟೆಗೆ ಕಟ್ಟಿದ ತಾಯತ, ದಾರ, ವಂಕಿ ಇದ್ದರೆ ಬಿಚ್ಚಲು ಕೇಳಬಹುದು. ಬಿಚ್ಚಲು ಮನಸ್ಸಿಲ್ಲದವರ ಇನ್ನೊಂದು ತೋಳು ಇದ್ದೇ ಇದೆ. ಡಯಾಲಿಸಿಸ್‌ಗಾಗಿ ನಾಳ ಜೋಡಿಸಿದ ತೋಳಿಗೆ ಮಾತ್ರ ಎಂದೂ ಪಟ್ಟಿ ಕಟ್ಟಬಾರದು.

ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲೆ ಒರಗಿರಬೇಕು. ಇದು ಶಿಸ್ತಿನ ಮಾತಲ್ಲ, ಭೌತಶಾಸ್ತ್ರದ್ದು: ತೋಳು ಹೃದಯಕ್ಕಿಂತ 10 ಸೆಂ.ಮೀ. ಕೆಳಗಿದ್ದರೆ ಆ ಎತ್ತರದ ರಕ್ತದ ಭಾರ ಸೇರಿ ಅಂಕಿ ಸುಮಾರು 8 ಮಿ.ಮೀ. ಏರುತ್ತದೆ. 2024ರ ಇನ್ನೊಂದು ಜಾನ್ಸ್ ಹಾಪ್‌ಕಿನ್ಸ್ ಅಧ್ಯಯನದಲ್ಲಿ ಕೈಯನ್ನು ತೊಡೆಯ ಮೇಲಿಟ್ಟಾಗ ಮೇಲಿನ ಅಂಕಿ ಸರಾಸರಿ 3.9, ಪಕ್ಕಕ್ಕೆ ಇಳಿಬಿಟ್ಟಾಗ 6.5 ಮಿ.ಮೀ. ಹೆಚ್ಚು ತೋರಿತು. ತೋಳನ್ನು ರೋಗಿಯೇ ಎತ್ತಿ ಹಿಡಿದಿರಬಾರದು, ಸ್ನಾಯು ಬಿಗಿದರೂ ಒತ್ತಡ ಏರುತ್ತದೆ.

ಚೀಲದ ನಡುಭಾಗ ಧಮನಿಯ ಮೇಲೆ ಬರುವಂತೆ, ಪಟ್ಟಿಯ ಕೆಳಅಂಚು ಮೊಣಕೈ ಮಡಿಕೆಯಿಂದ ಎರಡು ಮೂರು ಸೆಂ.ಮೀ. ಮೇಲಿರುವಂತೆ ಸುತ್ತಬೇಕು. ಇಲ್ಲಿ ಅವಸರದವರು ಹಾರಿಸುವ ಒಂದು ಹೆಜ್ಜೆ ಇದೆ. ಮೊದಲು ಸ್ಟೆತಸ್ಕೋಪು ಬೇಡ: ಮಣಿಕಟ್ಟಿನ ನಾಡಿ ಹಿಡಿದು ಗಾಳಿ ತುಂಬುತ್ತ, ನಾಡಿ ಮಾಯವಾಗುವ ಅಂಕಿಯನ್ನು ನೋಡಿ, ಗಾಳಿ ಬಿಟ್ಟುಬಿಡಬೇಕು. ರಿವಾ-ರೊಚ್ಚಿ ಮಾಡುತ್ತಿದ್ದುದು ಇಷ್ಟೇ. ತುಸು ಹೊತ್ತು ಬಿಟ್ಟು, ಈ ಸಲ ಸ್ಟೆತಸ್ಕೋಪು ಇಟ್ಟು, ಆ ಅಂಕಿಗಿಂತ 30 ಮಿ.ಮೀ. ಮೇಲಕ್ಕೆ ಏರಿಸಬೇಕು.

ಬೆರಳಿನ ಈ ಮೊದಲ ಅಳತೆ ಏಕೆಂದರೆ, ಬಿಪಿ ಹೆಚ್ಚಿರುವ ಕೆಲವರಲ್ಲಿ ಸದ್ದು ನಡುವೆ ಮಾಯವಾಗಿ ಮತ್ತೆ ಹುಟ್ಟುತ್ತದೆ. 180ರಲ್ಲಿ ಹುಟ್ಟಿದ ಸದ್ದು 160ರಲ್ಲಿ ನಿಂತು 140ರಲ್ಲಿ ಮರಳಿತು ಎನ್ನೋಣ. ಅಂದಾಜಿನ ಮೇಲೆ 150ಕ್ಕೆ ಏರಿಸಿ ನಿಲ್ಲಿಸಿದವರಿಗೆ ಕೇಳುವ ಮೊದಲ ಸದ್ದು 140. ಲಕ್ವಾದ ಅಂಚಿನಲ್ಲಿರುವ ಮನುಷ್ಯ ‘ಸ್ವಲ್ಪ ಐತಿ’ ಅನ್ನಿಸಿಕೊಂಡು ಮನೆಗೆ ಹೋಗುತ್ತಾನೆ. ನಾಡಿ ಹಿಡಿದ ಬೆರಳು ಈ ಮೌನಕ್ಕೆ ಮೋಸಹೋಗುವುದಿಲ್ಲ.

ಸ್ಟೆತಸ್ಕೋಪಿನ ತಟ್ಟೆಯನ್ನು ಮೊಣಕೈ ಮಡಿಕೆಯ ಒಳಬದಿಯಲ್ಲಿ, ಸ್ನಾಯುರಜ್ಜುವಿನ ಒಳಪಕ್ಕ ಬಡಿತ ಸಿಗುವಲ್ಲಿ, ಒತ್ತದೆ ಇಡಬೇಕು. ಪಟ್ಟಿಯ ಕೆಳಗೆ ತೂರಿಸುವುದು ಬಹಳ ಕಡೆ ಕಾಣುವ ಕೆಟ್ಟ ಚಾಳಿ. ತಟ್ಟೆ ನಾಳವನ್ನು ತಾನೂ ಅದುಮುತ್ತದೆ, ಪಟ್ಟಿ ಉಜ್ಜಿ ಸದ್ದನ್ನೂ ಕೆಡಿಸುತ್ತದೆ. ಈ ಸದ್ದುಗಳು ತಗ್ಗಿನ ಸ್ವರದವು, ಗಂಟೆಯಾಕಾರದ ಬದಿಯಲ್ಲಿ ಚೆನ್ನಾಗಿ ಕೇಳುತ್ತವೆ. ಅಗಲದ ತಟ್ಟೆ ಹಿಡಿಯಲು ಸುಲಭವೆಂದು ಹೆಚ್ಚಿನವರು ಅದನ್ನೇ ಬಳಸುತ್ತಾರೆ, ಅದರಿಂದ ದೊಡ್ಡ ನಷ್ಟವಿಲ್ಲ. ನಷ್ಟ ಆಗುವುದು ಸುತ್ತಲಿನ ಗದ್ದಲದಿಂದ. ಸಂತೆ, ಜಾತ್ರೆಯ ಶಿಬಿರಗಳಲ್ಲಿ ಮೈಕಿನ ಪಕ್ಕ ಮೇಜು ಹಾಕಿ ಕಿವಿಯಿಂದ ಅಳೆಯುವುದು ವ್ಯರ್ಥ. ಅಂಥ ಕಡೆಗೆ ಬ್ಯಾಟರಿ ಯಂತ್ರವೇ ವಾಸಿ.

ಗಾಳಿ ಬಿಡುವುದು ಸೆಕೆಂಡಿಗೆ 2ರಿಂದ 3 ಮಿ.ಮೀ. ವೇಗದಲ್ಲಿ. ಸದ್ದು ಹೃದಯ ಬಡಿದಾಗ ಮಾತ್ರ ಬರುತ್ತದೆ ಎಂಬುದನ್ನು ನೆನೆದರೆ ಕಾರಣ ತಿಳಿಯುತ್ತದೆ. ನಾಡಿ ನಿಮಿಷಕ್ಕೆ 60 ಇದ್ದವರಲ್ಲಿ ಸೆಕೆಂಡಿಗೆ 10 ಮಿ.ಮೀ. ಇಳಿಸಿದರೆ ಎರಡು ಬಡಿತಗಳ ನಡುವೆ 10 ಮಿ.ಮೀ. ಜಾರಿಹೋಗಿರುತ್ತದೆ, ಮೇಲಿನ ಅಂಕಿ ಕಡಿಮೆಯಾಗಿ, ಕೆಳಗಿನದು ಹೆಚ್ಚಾಗಿ ಬರುತ್ತದೆ. ನಾಡಿ ತಾಳ ತಪ್ಪಿದವರಲ್ಲಿ ಇನ್ನೂ ನಿಧಾನ ಬೇಕು, ಹಲವು ಸಲ ಅಳೆದು ಸರಾಸರಿ ತೆಗೆಯಬೇಕು.

ಅಳೆಯುವಾಗ ಮಾತು ಬೇಡ, ಇಬ್ಬರ ಕಡೆಯಿಂದಲೂ. ಊರು, ಮಕ್ಕಳು, ಮಳೆ, ಬೆಳೆ ವಿಚಾರಿಸುವುದು ಈ ಸೀಮೆಯ ಸೌಜನ್ಯ. ಆದರೆ ಮಾತಾಡಿದಷ್ಟೂ ಒತ್ತಡ ಏರುತ್ತದೆ. “ಯವ್ವಾ, ಮಾತಾಡಬ್ಯಾಡ್ರಿ, ಎರಡ್ ನಿಮಿಷ ಸುಮ್ಮ ಕುಂದರ್ರಿ” ಎಂದು ಹೇಳುವ ಸಿಸ್ಟರ್ ಒರಟಲ್ಲ, ಕೆಲಸ ಬಲ್ಲವಳು. ಒಂದೆರಡು ನಿಮಿಷ ಬಿಟ್ಟು ಎರಡನೆಯ ಸಲ ಅಳೆಯಬೇಕು. ಮೊದಲ ಭೇಟಿಯಲ್ಲಿ ಎರಡೂ ತೋಳು ನೋಡಿ, ಹೆಚ್ಚು ಬಂದ ತೋಳನ್ನೇ ಮುಂದಕ್ಕೂ ಹಿಡಿಯಬೇಕು. ಮುದುಕರನ್ನು, ನಿಂತಾಗ ಕಣ್ಣುಕತ್ತಲೆ ಬರುತ್ತದೆ ಎನ್ನುವವರನ್ನು ನಿಲ್ಲಿಸಿ ಒಂದು ನಿಮಿಷ, ಮೂರು ನಿಮಿಷದ ನಂತರ ನೋಡಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಮಿ.ಮೀ. ಕುಸಿದರೆ ಅದು ಬೀಳುವ ಅಪಾಯದ ಸೂಚನೆ.

ಅಂಕಿಯ ಅರ್ಥ

ಭಾರತದ ಸರ್ಕಾರಿ ಕಾರ್ಯಕ್ರಮಗಳೂ ವಿಶ್ವ ಆರೋಗ್ಯ ಸಂಸ್ಥೆಯೂ ಹಿಡಿದಿರುವ ಗೆರೆ 140/90. ಎರಡರಲ್ಲಿ ಒಂದು ಮುಟ್ಟಿದರೂ ಹೆಚ್ಚು ಎಂದೇ ಲೆಕ್ಕ. ಅಮೆರಿಕದ ಹೃದ್ರೋಗ ಸಂಘಗಳು 2017ರಲ್ಲಿ ಗೆರೆಯನ್ನು 130/80ಕ್ಕೆ ಇಳಿಸಿದ್ದರಿಂದ ಹುಟ್ಟಿದ ಗೊಂದಲ ಇಲ್ಲಿನ ಖಾಸಗಿ ಕ್ಲಿನಿಕ್ಕುಗಳಲ್ಲೂ ಇದೆ. ಒಂದೇ ದಿನದ ಅಳತೆಯಿಂದ ಬಿಪಿ ರೋಗಿ ಎಂದು ತೀರ್ಮಾನಿಸಬಾರದು. ಬೇರೆ ದಿನ ಮತ್ತೆ ನೋಡಬೇಕು. 180/110 ದಾಟಿದವರ ಮಾತು ಬೇರೆ, ಅವರು ಅಂದೇ ವೈದ್ಯರ ಎದುರು ಕೂರಬೇಕು. ದವಾಖಾನೆ ಕಂಡರೆ ಏರುವ, ಮನೆಯಲ್ಲಿ ಇಳಿಯುವ ಬಿಪಿಯೂ ಉಂಟು. ಅದಕ್ಕೆ ತಿರುಗುಮುರುಗಾದದ್ದೂ ಉಂಟು, ಅದೇ ಹೆಚ್ಚು ಮೋಸಗಾರ. ಬಿರುಬೇಸಿಗೆಯಲ್ಲಿ ಒತ್ತಡ ತುಸು ಇಳಿಯುವುದು, ಚಳಿಗಾಲದಲ್ಲಿ ಏರುವುದು ಸಹಜ. ಏಪ್ರಿಲ್ ಬಿಸಿಲಲ್ಲಿ ಚೆನ್ನಾಗಿ ಬಂತೆಂದು ಮಾತ್ರೆ ನಿಲ್ಲಿಸಿದವರ ಅಂಕಿ ಡಿಸೆಂಬರಿನಲ್ಲಿ ಮತ್ತೆ ಗೆರೆ ದಾಟಬಹುದು.

ಬಸುರಿಯರ ಬಿಪಿ

ಕೊಪ್ಪಳ ಜಿಲ್ಲೆಯಲ್ಲಿ ಪಟ್ಟಿಯ ಅಳತೆ ಸಾವು-ಬದುಕಿನ ಪ್ರಶ್ನೆಯಾಗುವುದು ಇಲ್ಲಿ. ಇಪ್ಪತ್ತು ವಾರದ ನಂತರ ಬಸುರಿಯ ಒತ್ತಡ 140/90 ಮುಟ್ಟಿದರೆ ಗರ್ಭನಂಜಿನ ಶಂಕೆ. 160/110 ಮುಟ್ಟಿದರೆ ತುರ್ತು. ಮೊದಲು ಮೈಯಲ್ಲಿ ಬಾವು, ತಲೆನೋವು, ಕಣ್ಣು ಮಂಜು ಇರಬಹುದು, ಏನೂ ಇಲ್ಲದೆಯೂ ಇರಬಹುದು, ನಂತರ ಫಿಟ್ಸ್. ತಾಯಿ ಕಾರ್ಡಿನಲ್ಲಿ ಪ್ರತಿ ಭೇಟಿಗೂ ಬಿಪಿಯ ಅಂಕಣ ಇರುವುದು ಇದಕ್ಕಾಗಿ.

ಈ ಜಿಲ್ಲೆಯ ತಾಯಂದಿರ ಸಾವುಗಳನ್ನು ಸಂಶೋಧಕರು ಹತ್ತಿರದಿಂದ ನೋಡಿದ್ದಾರೆ. ಆಶಾ ಜಾರ್ಜ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿನ ಸೇವೆಯಲ್ಲಿ ಐದು ಕೊರತೆಗಳನ್ನು ಎತ್ತಿ ತೋರಿಸಿತು: ದುರ್ಬಲ ಮಾಹಿತಿ ವ್ಯವಸ್ಥೆ, ಕಡಿದುಹೋಗುವ ಆರೈಕೆ, ಬೆಂಬಲವಿಲ್ಲದ ಆರೋಗ್ಯ ಕಾರ್ಯಕರ್ತರು, ಅಡ್ಡಾದಿಡ್ಡಿಯಾಗಿ ಮುಂದಿನ ಆಸ್ಪತ್ರೆಗೆ ಸಾಗಹಾಕುವುದು, ತಿರುಚಿದ ಹೊಣೆಗಾರಿಕೆ. ಅದಿತಿ ಅಯ್ಯರ್, ಗೀತಾ ಸೇನ್ ಮತ್ತವರ ಸಂಗಡಿಗರು ಕೊಪ್ಪಳದ ತಾಯಂದಿರ ಸಾವುಗಳನ್ನು ಮನೆಯವರ ಮಾತಿನಿಂದ ಮರುಜೋಡಿಸಿ 2012ರಲ್ಲಿ ಪ್ರಕಟಿಸಿದರು. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟಿನ ‘ಸುಕ್ಷೇಮ’ ಯೋಜನೆ ಕೊಪ್ಪಳವೂ ಸೇರಿ ಉತ್ತರದ ಎಂಟು ಜಿಲ್ಲೆಗಳಲ್ಲಿ ತಾಯಿ-ಮಗುವಿನ ಆರೈಕೆ ತಿದ್ದಲು ದುಡಿಯಿತು. ಐದು ಕೊರತೆಗಳ ಪಟ್ಟಿ ಓದಿದವರಿಗೆ ಕಾಣುವುದು ಇಷ್ಟು: ಉಪಕೇಂದ್ರದಲ್ಲಿ ಸರಿಯಾಗಿ ಅಳೆದ 150/100 ಎಂಬ ಅಂಕಿ ಹೆರಿಗೆಯ ದಿನ ಕೊಪ್ಪಳದ ವೈದ್ಯರ ಮೇಜಿಗೆ ತಲುಪದಿದ್ದರೆ ಅಳೆದದ್ದೂ ಒಂದೇ, ಬಿಟ್ಟದ್ದೂ ಒಂದೇ.

ನೆರೆಯ ಬಾಗಲಕೋಟೆಯಲ್ಲೂ ಅದರಾಚೆಯ ಬೆಳಗಾವಿ ಜಿಲ್ಲೆಯಲ್ಲೂ 2014–16ರಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯದವರು ‘ಕ್ಲಿಪ್’ ಎಂಬ ಪ್ರಯೋಗ ನಡೆಸಿದರು. ಆಶಾ ಕಾರ್ಯಕರ್ತೆಯರು, ಸಹಾಯಕ ದಾದಿಯರು ಬಸುರಿಯರ ಮನೆಗೆ ಹೋಗಿ ಅರೆ-ಸ್ವಯಂಚಾಲಿತ ಯಂತ್ರದಿಂದ ಬಿಪಿ ನೋಡಿದರು. ಪಾಕಿಸ್ತಾನ, ಮೊಜಾಂಬಿಕ್‌ಗಳ ಪ್ರಯೋಗಗಳೊಡನೆ ಕೂಡಿಸಿ 2020ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಒಟ್ಟಾರೆ ತಾಯಿ-ಮಗುವಿನ ಕೇಡು ಕಡಿಮೆಯಾದದ್ದು ಸಾಬೀತಾಗಲಿಲ್ಲ. ಆದರೆ ಎಂಟು ಅಥವಾ ಹೆಚ್ಚು ಭೇಟಿ ಪಡೆದವರಲ್ಲಿ ಸತ್ತು ಹುಟ್ಟುವ ಶಿಶುಗಳ ಪ್ರಮಾಣ ಕಡಿಮೆಯಿತ್ತು. ಒಮ್ಮೆ ಅಳೆದು ಕೈಬಿಡುವುದರಿಂದ ಪ್ರಯೋಜನ ಅಷ್ಟಕ್ಕಷ್ಟೇ ಎಂದು ಇದನ್ನು ಓದಬಹುದು.

ರಿಜಿಸ್ಟರಿನ ಸಾಕ್ಷಿ

ಕೈಮಾಪಕದ ಪ್ರತಿ ಗೆರೆಗೂ 2 ಮಿ.ಮೀ. ಅಂತರ. ಆದ್ದರಿಂದ ಓದಲು ಸಿಗುವುದು ಸಮಸಂಖ್ಯೆ ಮಾತ್ರ. 127/83 ಎಂದು ಬರೆದಿದ್ದರೆ ಅದು ಬ್ಯಾಟರಿ ಯಂತ್ರದ್ದು ಅಥವಾ ಊಹೆಯದು. ಕಡೆಯ ಅಂಕೆ 0, 2, 4, 6, 8 ಹೆಚ್ಚುಕಡಿಮೆ ಸಮವಾಗಿ ಬರಬೇಕು, ಅಂದರೆ ಸೊನ್ನೆ ಐದರಲ್ಲೊಂದು. ಪುಟದ ಉದ್ದಕ್ಕೂ 120/80, 130/80, 110/70 ಎಂದು ಸೊನ್ನೆಗಳೇ ಸಾಲಾಗಿ ನಿಂತ ರಿಜಿಸ್ಟರು ತನ್ನ ಕಥೆಯನ್ನು ತಾನೇ ಹೇಳುತ್ತದೆ. ಇದು ಒಂದು ಊರಿನ ರೋಗವಲ್ಲ. ಓದುವವರ ಈ ಒಲವನ್ನು ಮುರಿಯಲೆಂದೇ, ಪ್ರತಿ ಸಲ ಸೊನ್ನೆಯ ಜಾಗವನ್ನು ಗುಟ್ಟಾಗಿ ಬದಲಿಸುವ ಮಾಪಕವನ್ನು ಬ್ರಿಟನ್ನಿನಲ್ಲಿ 1970ರಲ್ಲಿ ರೂಪಿಸಬೇಕಾಯಿತು. 144 ಬಂದದ್ದನ್ನು 140 ಎಂದು, 142ನ್ನು 138 ಎಂದು ‘ಸರಿಮಾಡುವ’ ಕೈ ಒಬ್ಬರ ಮಾತ್ರೆಯನ್ನು ತೀರ್ಮಾನಿಸುತ್ತಿರುತ್ತದೆ. ಅಳೆಯಲು ಹೊತ್ತಿಲ್ಲದವರ ಮೇಲೆ ದಿನಕ್ಕಿಷ್ಟು ಎಂದು ಗುರಿ ಹೇರುವ ಮೇಲಿನವರು ಸೊನ್ನೆಗಳಿಗೆ ಸಿಸ್ಟರನ್ನು ಬೈಯುವುದು ನ್ಯಾಯವಲ್ಲ.

“ಸಿಸ್ಟರ್, ಬಿಪಿ ಎಷ್ಟೈತ್ರಿ?” ಎಂದು ಕೇಳಿದರೆ “ನಾರ್ಮಲ್ ಐತಿ ತಗೋರಿ” ಎಂಬ ಉತ್ತರ ಸಾಮಾನ್ಯ. ಅಷ್ಟಕ್ಕೆ ಎದ್ದು ಬರಬೇಡಿ. ಎರಡೂ ಅಂಕಿ ಕೇಳಿ, ಯಾವ ತೋಳು, ಯಾವ ತಾರೀಖು ಎಂಬುದನ್ನು ಸೇರಿಸಿ ಚೀಟಿಯಲ್ಲಿ ಬರೆಸಿಕೊಳ್ಳಿ. ಬಸುರಿಯಾದರೆ ತಾಯಿ ಕಾರ್ಡಿನಲ್ಲಿ. ಮುಂದಿನ ಸಲ ಕೊಪ್ಪಳಕ್ಕೇ ಹೋಗಲಿ, ಗಂಗಾವತಿಗೇ ಹೋಗಲಿ, ಆ ಚೀಟಿ ಜೊತೆಗಿರಲಿ.